ಕನ್ನಡದ ಒತ್ತಕ್ಷರಕ್ಕೆ ದಾರಿ ಬಿಡುವ ಸೆಲೆಕ್ಟರ್

ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ತಂತ್ರಾಂಶದ ಮೇಲೆ. ಪುಟದ ರೂಪ ತೀರ್ಮಾನಿಸುವ ಅದರ ಸಿಎಸ್‌ಎಸ್‌ನಲ್ಲಿ ಕನ್ನಡಕ್ಕೂ ಪಾಲಿರುವ ಒಂದು ನಿಯಮವಿದೆ. ಭಾಷೆ ಕನ್ನಡ, ಹಿಂದಿ, ಬಂಗಾಳಿ ಮೊದಲಾದವುಗಳಲ್ಲಿ ಒಂದಾಗಿದ್ದರೆ ದೊಡ್ಡ ಶೀರ್ಷಿಕೆಯ ಸಾಲಿನ ಎತ್ತರ 1.6 ಇರಬೇಕು ಎನ್ನುತ್ತದೆ ಅದು. ಇಂಗ್ಲಿಷಿನ ಅಳತೆಯಲ್ಲಿ ‘ರಾಷ್ಟ್ರ’ದ ಒತ್ತುಗಳಿಗೆ ಜಾಗ ಸಾಲದು, ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತವೆ. ಆ ನಿಯಮದ ತುದಿಯಲ್ಲಿ, ಸಾಮಾನ್ಯ ನಿಯಮಗಳನ್ನು ಮೀರಿಸುವ ‘!ಇಂಪಾರ್ಟೆಂಟ್’ ಎಂಬ ಗುರುತು. ಇಷ್ಟು ನ್ಯಾಯವಾದ ಕೋರಿಕೆಗೂ ದನಿ ಏರಿಸಬೇಕಾಗಿ ಬಂದದ್ದು ಏಕೆ?

ಹೋಕನ್ ವಿಯುಮ್ ಲೀ 1994ರಲ್ಲಿ ಮುಂದಿಟ್ಟ ಸಿಎಸ್‌ಎಸ್ 1996ರ ಡಿಸೆಂಬರಿನಲ್ಲಿ ಅಧಿಕೃತವಾಯಿತು. ಎರಡು ನಿಯಮಗಳು ಎದುರಾದರೆ, ನಿಯಮ ಯಾವುದಕ್ಕೆ ಎಂದು ಹೇಳುವ ಭಾಗದ, ಅಂದರೆ ಸೆಲೆಕ್ಟರಿನ, ತೂಕ ನೋಡಬೇಕು: ಒಂದೇ ಅಂಶವನ್ನು ಹೆಸರಿಸುವ ಐಡಿ ಎಲ್ಲಕ್ಕಿಂತ ಭಾರ, ಆಮೇಲೆ ಗುಂಪನ್ನು ಹೆಸರಿಸುವ ಕ್ಲಾಸ್, ಕೊನೆಗೆ ಬರೀ ಟ್ಯಾಗ್. ಸಮತೂಕವಾದರೆ ನಂತರ ಬಂದದ್ದೇ ಗೆಲ್ಲುತ್ತದೆ. ಸ್ಪೆಸಿಫಿಸಿಟಿ ಎಂದರೆ ಇದೇ.

ಒಬ್ಬರೇ ಇಡೀ ಪುಟ ಬರೆಯುತ್ತಿದ್ದಾಗ ಈ ಲೆಕ್ಕ ಸರಿಹೋಗುತ್ತಿತ್ತು. ಈಗ ಯಾರದೋ ಥೀಮ್ ಮೇಲೆ ಇನ್ನಾರದೋ ಕೆಲಸ. ರಾಜಾಜಿನಗರ, ವಿಜಯನಗರದ ಪುಟ್ಟ ಕಚೇರಿಗಳಲ್ಲಿ ಕಲ್ಯಾಣ ಮಂಟಪಕ್ಕೋ ಕ್ಲಿನಿಕ್ಕಿಗೋ ವೆಬ್‌ಸೈಟ್ ಮಾಡಿಕೊಡುವವರಿಗೆ ಈ ಪಾಡು ಗೊತ್ತು. ಥೀಮ್‌ನಲ್ಲಿ ಶೀರ್ಷಿಕೆಗೆ ‘.ಎಂಟ್ರಿ ಎಚ್2’ ಎಂದಿದ್ದರೆ, ನೀವು ಬರೀ ‘ಎಚ್2’ಗೆ ಕೊಟ್ಟ ಎತ್ತರ ನಡೆಯದು. ಒಂದು ಕ್ಲಾಸ್ ಸೇರಿಸುತ್ತೀರಿ, ಸಾಲದಿದ್ದರೆ ಐಡಿ, ಕೊನೆಗೆ ಇಂಪಾರ್ಟೆಂಟ್. ನಿಮ್ಮ ನಂತರ ಬಂದವರು ಅದನ್ನೂ ಮೀರಿಸಬೇಕು.

ಈ ಪೈಪೋಟಿಗೆ ಸಿಎಸ್‌ಎಸ್ ತಜ್ಞೆ ಲೀಯಾ ವೆರೂ ಸೂಚಿಸಿದ ಪರಿಹಾರ ಸರಳ: ಸೆಲೆಕ್ಟರ್ ತನ್ನ ಗುರಿ ಹುಡುಕಲಿ, ಆದರೆ ತೂಕ ಸೊನ್ನೆ ಇರಲಿ. ಅದೇ ‘:ವೇರ್()’. 2020ರಲ್ಲಿ ಫೈರ್‌ಫಾಕ್ಸ್ 78 ಮತ್ತು ಸಫಾರಿ 14ಕ್ಕೆ, 2021ರ ಜನವರಿಯಲ್ಲಿ ಕ್ರೋಮ್ 88ಕ್ಕೆ ಬಂತು. ಥೀಮ್ ಮಾಡಿದವರು ‘:ವೇರ್(.ಎಂಟ್ರಿ) ಎಚ್2’ ಎಂದು ಬರೆದರೆ ಕ್ಲಾಸಿನ ತೂಕ ಲೆಕ್ಕಕ್ಕೇ ಬರುವುದಿಲ್ಲ, ನಂತರ ಬರುವ ನಿಮ್ಮ ‘ಎಚ್2’ ಸಾಕು. ಆವರಣದೊಳಗೆ ಐಡಿ ಇದ್ದರೂ ಅಷ್ಟೇ. 2024ರ ಜುಲೈನಲ್ಲಿ ಬಂದ ವರ್ಡ್‌ಪ್ರೆಸ್ 6.6 ಇದನ್ನೇ ಬಳಸಿ ತನ್ನ ಮೂಲ ಶೈಲಿಗಳ ತೂಕವನ್ನು ಒಂದು ಕ್ಲಾಸಿನಷ್ಟಕ್ಕೆ ಇಳಿಸಿತು. ಅಡಿಪಾಯ ಹಾಕುವವರು ಹೀಗೆ ಹಗುರಾಗಿ ಬರೆಯುವುದು ನನ್ನ ಮಟ್ಟಿಗೆ ದೊಡ್ಡ ಸೌಜನ್ಯ. ಅವರು ಕಂಡೇ ಇರದ ಲಿಪಿಗೂ ಅಲ್ಲಿ ಅವಕಾಶ ಉಳಿಯುತ್ತದೆ.

ಭಾಷೆ ನೋಡುವ ‘:ಲ್ಯಾಂಗ್(ಕೆಎನ್)’ಗೆ ಒಂದು ಕ್ಲಾಸಿನ ತೂಕವಿದೆ. ಹಗುರವಾದ ಥೀಮ್ ಎದುರು ‘ಎಚ್2:ಲ್ಯಾಂಗ್(ಕೆಎನ್)’ ಇಂಪಾರ್ಟೆಂಟ್ ಇಲ್ಲದೆಯೇ ಗೆಲ್ಲುತ್ತದೆ. ಪುಟದ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ‘ಕೆಎನ್’ ಎಂದು ನಮೂದಾಗಿರಬೇಕು, ಅಷ್ಟೇ; ಥೀಮ್ ಜೊತೆ ಬಂದ ‘ಇಎನ್’ ಹಾಗೇ ಉಳಿದರೆ ಈ ನಿಯಮ ಕನ್ನಡವನ್ನು ಗುರುತಿಸುವುದೇ ಇಲ್ಲ.