ಅರಸೀಕೆರೆಯ ಹದಿನಾರು ಮೂಲೆ

ಬೇಲೂರಿನ ಚೆನ್ನಕೇಶವನ ಸನ್ನಿಧಿಯಲ್ಲಿ ಅರ್ಚನೆ ಮಾಡಿಸಲು ನಿಂತರೆ ಅರ್ಚಕರು ಗೋತ್ರ, ನಕ್ಷತ್ರ, ರಾಶಿ ಕೇಳುತ್ತಾರೆ. ಪ್ರಸಾದ ತೆಗೆದುಕೊಂಡು ಹೊರಗೆ ಬಂದು ಜಗತಿಯ ಮೇಲೆ ಪ್ರದಕ್ಷಿಣೆ ಹೊರಟರೆ ಗೈಡ್ ‘ಇದು ನಕ್ಷತ್ರಾಕಾರದ ಗುಡಿ ಸಾರ್’ ಎನ್ನುತ್ತಾನೆ. ಹತ್ತು ನಿಮಿಷದ ಅಂತರದಲ್ಲಿ ಒಂದೇ ಪದ ಎರಡು ಸಲ ಕಿವಿಗೆ ಬಿದ್ದರೆ ಯಾರಾದರೂ ಎರಡಕ್ಕೂ ಗಂಟು ಹಾಕುತ್ತಾರೆ. ಅಶ್ವಿನಿಯಿಂದ ರೇವತಿಯವರೆಗಿನ ಇಪ್ಪತ್ತೇಳು ನಕ್ಷತ್ರಗಳ ಲೆಕ್ಕ ಹಿಡಿದು ಶಿಲ್ಪಿಗಳು ಗುಡಿ ಕಟ್ಟಿದರು ಎಂಬ ನಂಬಿಕೆಗೆ ಇಷ್ಟೇ ಸಾಕು.

ಜ್ಯೋತಿಷಿಯ ನಕ್ಷತ್ರ ಆಕಾಶದ ಒಂದು ಪಾಲು. 360 ಡಿಗ್ರಿಯನ್ನು 27 ಭಾಗ ಮಾಡಿದರೆ ಒಂದೊಂದಕ್ಕೆ 13 ಡಿಗ್ರಿ 20 ನಿಮಿಷ. ಅದಕ್ಕೆ ಆಕಾರವೇ ಇಲ್ಲ. ಶಾಲೆಯ ಮಕ್ಕಳು ಬರೆಯುವ ನಕ್ಷತ್ರಕ್ಕೆ ಐದು ಚೂಪು ತುದಿ. ಗುಡಿಯ ನಕ್ಷತ್ರ ಇವೆರಡೂ ಅಲ್ಲ, ಅದು ರೇಖಾಗಣಿತದ್ದು. ಒಂದೇ ಅಳತೆಯ ನಾಲ್ಕು ಚೌಕ ಕಾಗದ ತೆಗೆದುಕೊಳ್ಳಿ. ಒಂದರ ಮೇಲೊಂದಿಟ್ಟು ನಟ್ಟನಡುವೆ ಗುಂಡುಸೂಜಿ ಚುಚ್ಚಿ, ಮೇಲಿನ ಒಂದೊಂದು ಕಾಗದವನ್ನೂ ಅದರ ಕೆಳಗಿನದಕ್ಕಿಂತ 22.5 ಡಿಗ್ರಿ ಹೆಚ್ಚು ತಿರುಗಿಸಿ. ಅಂಚಿನಲ್ಲಿ ಹದಿನಾರು ಮೂಲೆಗಳು ಕಾಣುತ್ತವೆ. ಕಲೆಯ ಚರಿತ್ರೆ ಬರೆಯುವವರು ಹದಿನಾರು ಮೂಲೆಯ ನಕ್ಷತ್ರ ಎನ್ನುವುದು ಈ ಹೊರಗೆರೆಗೆ. ಚೌಕ ಎರಡಾದರೆ ಎಂಟು ಮೂಲೆ, ಆರಾದರೆ ಇಪ್ಪತ್ತನಾಲ್ಕು, ಎಂಟಾದರೆ ಮೂವತ್ತೆರಡು. ಚೌಕಕ್ಕೆ ಇರುವುದೇ ನಾಲ್ಕು ಮೂಲೆ, ಆದ್ದರಿಂದ ಎಷ್ಟು ಚೌಕ ಪೇರಿಸಿದರೂ ಉತ್ತರ ನಾಲ್ಕರ ಮಗ್ಗಿಯಲ್ಲೇ ಬೀಳಬೇಕು. ಇಪ್ಪತ್ತೇಳು ಆ ಮಗ್ಗಿಯಲ್ಲಿಲ್ಲ.

ಇನ್ನೂ ಒಂದು ತೊಡಕಿದೆ. ನೆಲಕ್ಕೆ ಗೂಟ ಹೊಡೆದು ಹಗ್ಗ ಕಟ್ಟಿ ವೃತ್ತ ಎಳೆದವನಿಗೆ ಅದನ್ನು ನಾಲ್ಕು ಮಾಡುವುದು ಸುಲಭ, ಅರ್ಧರ್ಧ ಮಾಡುತ್ತ ಎಂಟು, ಹದಿನಾರು, ಮೂವತ್ತೆರಡಕ್ಕೆ ಹೋಗುವುದೂ ಸುಲಭ. ತ್ರಿಜ್ಯದ ಹಗ್ಗವನ್ನೇ ಅಂಚಿನ ಸುತ್ತ ಇಟ್ಟುಕೊಂಡು ಹೋದರೆ ಸರಿಯಾಗಿ ಆರು ಪಾಲು ಸಿಗುತ್ತದೆ. ಅದನ್ನು ಎರಡು ಸಲ ಅರ್ಧಿಸಿದರೆ ಇಪ್ಪತ್ತನಾಲ್ಕು. ಇಪ್ಪತ್ತೇಳು ಸಮಪಾಲು ಮಾತ್ರ, ಎಷ್ಟೇ ಜಾಣನಾದರೂ, ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿ ಇವೆರಡರಿಂದಲೇ ಕರಾರುವಾಕ್ಕಾಗಿ ಸಿಗದು. ಇಂಥವು ಅಸಾಧ್ಯವೆಂದು 1837ರಲ್ಲಿ ಫ್ರಾನ್ಸಿನ ವಾಂಟ್ಜೆಲ್ ತೋರಿಸಿಕೊಟ್ಟ. ಕಣ್ಣಂದಾಜಿನಲ್ಲಿ ಗುರುತು ಹಾಕಬಹುದು, ಅದು ಬೇರೆ ಮಾತು.

ನಕ್ಷತ್ರ ಎಂದೊಡನೆ ಮೊನೆ ನೆನಪಾಗುತ್ತದೆ. ಅಷ್ಟು ಚೂಪಾಗಿ ಕಲ್ಲು ಕಡಿಯುವುದೇ ಹೊಯ್ಸಳರ ಶಿಲ್ಪಿಗಳ ಹೆಚ್ಚುಗಾರಿಕೆ ಎಂದು ಹೊಗಳುವವರಿದ್ದಾರೆ. ಐದು ಮೊನೆಯ ಚಿತ್ರನಕ್ಷತ್ರದ ತುದಿ 36 ಡಿಗ್ರಿ, ನಿಜಕ್ಕೂ ಚೂಪು. ತಿರುಗಿದ ಚೌಕದ ತುದಿ ಚೌಕದ್ದೇ ಮೂಲೆ, 90 ಡಿಗ್ರಿ, ನಮ್ಮ ಮನೆ ಗೋಡೆಯ ಮೂಲೆಯಷ್ಟೇ. ಗಾರೆಯವನ ಮೂಲೆಮಟ್ಟ ಅಲ್ಲೂ ಸರಿಯಾಗಿ ಕೂರುತ್ತದೆ. ಬದಲಾಗುವುದು ಎರಡು ಮೂಲೆಗಳ ನಡುವಿನ ಸಂದು. ಹದಿನಾರರ ನಕ್ಷತ್ರದಲ್ಲಿ ಅದು 112.5 ಡಿಗ್ರಿ. ನನಗೆ ಕಾಣುವಂತೆ ಈ ರಚನೆಯ ಜಾಣ್ಮೆ ಇರುವುದೇ ಇಲ್ಲಿ: ಚೌಕದ ಗುಡಿಗೆ ಕಡಿದು ಪಳಗಿದ ಮೂಲೆಗಂಬವನ್ನೇ ನಕ್ಷತ್ರಕ್ಕೂ ಕಡಿಯಬಹುದು, ದಿಕ್ಕು ತಿರುಗಿಸಿ ನಿಲ್ಲಿಸಿದರಾಯಿತು. ಮೆತ್ತನೆಯ ಬಳಪದ ಕಲ್ಲು ಬೇಕಾದದ್ದು ಮುಖ್ಯವಾಗಿ ಅದರ ಮೇಲಿನ ಕುಸುರಿಗೆ.

ಹೊರಗಿನ ನಕ್ಷತ್ರ ನೋಡಿ ಒಳಗೂ ಹಾಗೇ ಇದೆ ಎಂದುಕೊಳ್ಳಬೇಡಿ. ಗರ್ಭಗುಡಿಯ ಒಳಗೆ ಅಪ್ಪಟ ಚೌಕ.

‘ಹೊಯ್ಸಳರ ಗುಡಿಗಳೆಲ್ಲ ನಕ್ಷತ್ರಾಕಾರ’ ಎನ್ನುವುದು ಪರೀಕ್ಷೆಯಲ್ಲಿ ಅಂಕ ತಂದುಕೊಡುವ ತಪ್ಪು. ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯವು ಹೊರಗಿನಿಂದಲೂ ಚೌಕವಾದ ಗರ್ಭಗುಡಿಗಳು. ಹಳೇಬೀಡಿನಲ್ಲೇ ಬಸ್ತಿಹಳ್ಳಿಯ ಜೈನ ಬಸದಿಗಳಿಗೆ ಹೋಗಿ ನೋಡಿ, ನಕ್ಷತ್ರದ ಗೊಡವೆಯೇ ಇಲ್ಲ. ಇನ್ನು 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿ. ಅಲ್ಲಿ ನಕ್ಷತ್ರವಿರುವುದು ಹಿಂದಿನ ವಿಮಾನಕ್ಕೆ, ಅಂದರೆ ಗರ್ಭಗುಡಿಯ ಕಟ್ಟಡಕ್ಕೆ. ನಾವು ಹೆಚ್ಚು ಹೊತ್ತು ಕಳೆಯುವ ಮುಂದಿನ ಮಂಟಪ ಮೆಟ್ಟಿಲುಮೆಟ್ಟಿಲಾಗಿ ಹೊರಚಾಚಿದ ಚೌಕವಷ್ಟೆ. ಆ ವಿಮಾನದಲ್ಲೂ ಮೂರು ದಿಕ್ಕಿಗೆ ದೊಡ್ಡ ಗೂಡುಗಳು ನೇರವಾಗಿ ನಿಂತು ತಿರುಗಿದ ಚೌಕಗಳ ಸಾಲನ್ನು ನಡುನಡುವೆ ಕತ್ತರಿಸುತ್ತವೆ. ಹಳೇಬೀಡಿನ ಹೊಯ್ಸಳೇಶ್ವರನ ಜೋಡಿ ಗರ್ಭಗುಡಿಗಳದ್ದೂ ಹೆಚ್ಚುಕಡಿಮೆ ಇದೇ ಬಗೆ. ತುಂಡಾಗದ ನಕ್ಷತ್ರ ಬೇಕಿದ್ದರೆ ಸೋಮನಾಥಪುರಕ್ಕೆ ಹೋಗಬೇಕು. ಅಥವಾ ಗದಗ ಜಿಲ್ಲೆಯ ಡಂಬಳಕ್ಕೆ: ಅಲ್ಲಿನ ದೊಡ್ಡಬಸಪ್ಪ ಗುಡಿಯದು ಇಪ್ಪತ್ತನಾಲ್ಕು ಮೂಲೆ, ಮತ್ತು ಅದು ಕಲ್ಯಾಣದ ಚಾಲುಕ್ಯರ ಶೈಲಿಯದು. ನಕ್ಷತ್ರವನ್ನು ಹೊಯ್ಸಳರೇ ಕಂಡುಹಿಡಿದರು ಎಂಬ ಹೆಮ್ಮೆಯನ್ನು ನಮ್ಮ ಹಾಸನ ಜಿಲ್ಲೆಯವರು ಸ್ವಲ್ಪ ತಗ್ಗಿಸಿಕೊಳ್ಳುವುದು ಒಳ್ಳೆಯದು.

ಹೆಮ್ಮೆಪಡಲು ಅರಸೀಕೆರೆ ಇದೆಯಲ್ಲ. ತೆಂಗಿನಕಾಯಿ, ಕೊಬ್ಬರಿ, ರೈಲು ಜಂಕ್ಷನ್ ಎಂದು ಹೆಸರಾದ ಊರಿನಲ್ಲಿ ಸುಮಾರು 1220ರಲ್ಲಿ ಕಟ್ಟಿದ ಈಶ್ವರ ದೇವಾಲಯವಿದೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹೊಯ್ಸಳ ಗುಡಿಗಳು ಬೇಲೂರು, ಹಳೇಬೀಡು, ಸೋಮನಾಥಪುರದವು, ಇದಲ್ಲ. ಗಾತ್ರ ಚಿಕ್ಕದು, ಗೋಡೆಯ ಶಿಲ್ಪಗಳೂ ಬೇಲೂರಿನಷ್ಟಿಲ್ಲ. ತಳವಿನ್ಯಾಸದ ಮಟ್ಟಿಗೆ ಮಾತ್ರ ಉಳಿದಿರುವ ಹೊಯ್ಸಳ ಗುಡಿಗಳಲ್ಲೇ ಅತಿ ಜಟಿಲವಾದವುಗಳ ಸಾಲಿಗೆ ಸೇರುತ್ತದೆ. ಬೇರೆಡೆ ನಕ್ಷತ್ರ ವಿಮಾನಕ್ಕೆ ಮೀಸಲಾದರೆ ಇಲ್ಲಿ ಮುಂದಿನ ತೆರೆದ ಮಂಟಪವೇ ಹದಿನಾರು ಮೂಲೆಯ ನಕ್ಷತ್ರ.

ವಿಮಾನದ್ದು ಇನ್ನೂ ವಿಚಿತ್ರ. ಅದೂ ನಕ್ಷತ್ರವೇ, ಆದರೆ ಅದರ ಮೊನೆಗಳು ಮೂರು ಬಗೆ. ಒಂದೇ ಚೌಕವನ್ನು ಸಮವಾಗಿ ತಿರುಗಿಸುತ್ತ ಹೋದರೆ ಎಲ್ಲ ಮೂಲೆಗಳೂ ಒಂದೇ ತೆರನಾಗಿ ಬರಬೇಕು. ಇಲ್ಲಿ ಬಂದಿಲ್ಲ. ಕಟ್ಟಿದವನಿಗೆ ನಿಯಮ ಗೊತ್ತಿರಲಿಲ್ಲ ಎನ್ನೋಣವೆಂದರೆ ಎದುರಿಗೇ ಅವನ ಮಂಟಪವಿದೆ. ಗಣಿತದ ಮೇಷ್ಟ್ರು ಇದನ್ನು ‘ಕ್ರಮ ನಕ್ಷತ್ರ’ ಎಂದು ಒಪ್ಪಲಾರರು. ಗೈಡ್ ಧಾರಾಳವಾಗಿ ನಕ್ಷತ್ರ ಎನ್ನುತ್ತಾನೆ, ಆಡುಮಾತಿನಲ್ಲಿ ಅದು ಸರಿಯೇ.

ಎಣಿಸಿ ನೋಡುತ್ತೇನೆ ಎಂದು ವಿಮಾನದ ಸುತ್ತ ಹೊರಟವರಿಗೆ ಒಂದು ಮಾತು: ಮುಂಭಾಗ ಒಳಮಂಟಪವಾದ ನವರಂಗದ ಕಡೆಗೆ ಕೂಡಿಕೊಂಡಿರುವುದರಿಂದ ಆ ಕಡೆಯ ಮೂಲೆಗಳನ್ನು ಕಟ್ಟಿಯೇ ಇಲ್ಲ. ಬೇಲೂರು, ಹಳೇಬೀಡುಗಳಲ್ಲೂ ಅಷ್ಟೆ. ಪುಸ್ತಕದಲ್ಲಿ ಓದಿದ ಸಂಖ್ಯೆ ಪೂರ್ತಿ ಸಿಗುವುದು ನಕ್ಷೆಯ ಹಾಳೆಯಲ್ಲಿ ಗೆರೆಗಳನ್ನು ಮುಂದುವರಿಸಿ ಎಳೆದಾಗ ಮಾತ್ರ.