ಹಳೆಯ ಕಾರಿನ ಬೆಳಗಿನ ಸದ್ದು
ಬಂಟ್ವಾಳದಿಂದ ಬೆಳ್ತಂಗಡಿಯತ್ತ ಸಾಗುವ 73ನೇ ರಾಷ್ಟ್ರೀಯ ಹೆದ್ದಾರಿಯ ಮಡಂತ್ಯಾರಿನಂಥ ಊರಿನಲ್ಲಿ, 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರಂಥ ಹಳೆಯ ಕಾರು ಬೆಳಗಿನ ಮೊದಲ ಸ್ಟಾರ್ಟಿಗೆ ಮಾಡುವ ಸದ್ದನ್ನು ಅರ್ಥಮಾಡಿಕೊಳ್ಳಲು, ಅದು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನೇ ಮೊದಲು ಗಮನಿಸಬೇಕು. ರಾತ್ರಿಯಿಡೀ ಆಯಿಲ್ ತಳಕ್ಕೆ ಇಳಿದಿರುವುದರಿಂದ ಎರಡು ಮೂರು ಸೆಕೆಂಡು ಕೇಳಿ ನಿಲ್ಲುವ ಗರಗರ ಸದ್ದಿಗೆ ಹೆಚ್ಚು ಹೆದರಬೇಕಾಗಿಲ್ಲ. ಆದರೆ ಎಂಜಿನ್ನಿನ ಮೇಲ್ಭಾಗದಿಂದ ಬಿಡದೆ ಬರುವ ಟಿಕ್‌ಟಿಕ್, ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದು, ಅಂದರೆ ಟ್ಯಾಪೆಟ್ ಗ್ಯಾಪ್, ಹೆಚ್ಚಾದುದನ್ನು ಸಾಮಾನ್ಯವಾಗಿ ಸೂಚಿಸುತ್ತದೆ. ಸವೆದ ಸಿಲಿಂಡರಿನಲ್ಲಿ ಪಿಸ್ಟನ್ ಅತ್ತಿತ್ತ ಬಡಿಯುವ ಮಂದ ಸದ್ದು, ಅದರ ಅಲ್ಯೂಮಿನಿಯಂ ಬಿಸಿಯಾಗಿ ಹಿಗ್ಗಿದಂತೆ ತಾನಾಗಿ ಅಡಗುತ್ತದೆ. ಸೈಲೆನ್ಸರ್ ಕಡೆಯ ಗ್ಯಾಸ್ಕೆಟ್ಟಿನ ಸೋರಿಕೆಯೂ ಬಿಸಿಗೆ ಮುಚ್ಚಿಕೊಳ್ಳುವುದರಿಂದ ನುರಿತ ಮೆಕ್ಯಾನಿಕ್ಕುಗಳೂ ಮೋಸಹೋಗುವುದುಂಟು. ಬಿಸಿಯಾದ ಮೇಲೂ ತಳದಿಂದ ಗುದ್ದುವ ಸದ್ದು ಉಳಿದರೆ ಅದು ಬೇರಿಂಗಿನದಿರಬಹುದು. ಅಂಥ ಗಾಡಿಯನ್ನು ಚಾರ್ಮಾಡಿ ಘಾಟಿ ಹತ್ತಿಸಬಾರದು.