ಅಪ್ಪನ ರಿಪೋರ್ಟ್ ಅಪ್ಪನಿಗೇ ಸಿಗಲ್ವಾ?

ಹೇಮಗಿರಿ ಹತ್ತಿರದ ನಮ್ಮೂರಿಂದ ಮೈಸೂರಿನ ಆಸ್ಪತ್ರೆಗೆ ಹೊರಟಾಗಲೆಲ್ಲ ಅಪ್ಪ ಮೊದಲು ಹುಡುಕೋದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಚೀಟಿ, ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ಅದರಲ್ಲೇ. ಈ ಸಲ ಹೊಸ ಡಾಕ್ಟರು ಕೇಳಿದ್ದು ಅದರಲ್ಲಿರಲಿಲ್ಲ: ಎರಡು ವರ್ಷದ ಹಿಂದೆ ಬೇರೆ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದಾಗಿನ ಕ್ರಿಯಾಟಿನಿನ್ ರಿಪೋರ್ಟು. ಕಿಡ್ನಿ ತೊಂದರೆ ಹೊಸದಾ, ಹಳೇದಾ ಅಂತ ಅವರಿಗೆ ತಿಳಿಯಬೇಕಿತ್ತು.

ಆ ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿದೆ. "ಅದೆಲ್ಲ ನಿಮಗ್ಯಾಕೆ ಸಾರ್? ಡಾಕ್ಟ್ರು ನೋಡ್ಕೋತಾರೆ."

ನಿಯಮ ಹಾಗಿಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಪ್ರಕಾರ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ 14 ಅಂಕಿಯ ಆಭಾ ಸಂಖ್ಯೆ ಮಾಡಿಸಿಕೊಂಡರೆ ದಾಖಲೆ ಫೋನಿಗೇ ಬರುತ್ತೆ. ಆದರೆ ಆಸ್ಪತ್ರೆಯವರು ಅದಕ್ಕೆ ಜೋಡಿಸಿದರೆ ಮಾತ್ರ. ಅಪ್ಪನ ಆ್ಯಪ್ ಇನ್ನೂ ಖಾಲಿ!

ನರ್ಸ್ ಆಗಿರೋ ನನ್ನ ಅತ್ತಿಗೆ ಕೌಂಟರಿನವರ ಪರ. "ನೀವು ಗೂಗಲ್ ನೋಡಿ ಹೆದರಿ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡ್ತೀರ. ಉತ್ತರ ಕೊಡೋರು ಯಾರು?" ಆ ಮಾತಲ್ಲೂ ನಿಜ ಇದೆ. ಅಮೆರಿಕದಲ್ಲಿ 2010ರಲ್ಲಿ ಓಪನ್‌ನೋಟ್ಸ್ ಅನ್ನೋ ಪ್ರಯೋಗದಲ್ಲಿ ವೈದ್ಯರ ಟಿಪ್ಪಣಿಯನ್ನು ರೋಗಿಗಳಿಗೆ ಆನ್‌ಲೈನ್‌ನಲ್ಲಿ ತೆರೆದಿಟ್ಟಾಗಲೂ ಅಲ್ಲಿನವರಿಗೆ ಇದೇ ಅಳುಕಿತ್ತು. ವರ್ಷದ ಕೊನೆಗೆ ನಿಲ್ಲಿಸೋಣ ಅಂದ ವೈದ್ಯರು ಒಬ್ಬರೂ ಇರಲಿಲ್ಲ.

ಕೊನೆಗೆ ಅರ್ಜಿ ಬರೆದುಕೊಟ್ಟು, ಸ್ವೀಕೃತಿಗೆ ಸೀಲ್ ಹಾಕಿಸಿಕೊಂಡೆ. ಮೂರನೇ ದಿನ ರಿಪೋರ್ಟ್ ಕೈಗೆ ಬಂತು. ಕ್ರಿಯಾಟಿನಿನ್ ಆಗಲೇ 1.8 ಇತ್ತು. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಆವತ್ತೇ ಹೇಳಿದ್ರೆ ಆ ನೋವಿನ ಮಾತ್ರೆ ಬಿಡ್ತಿದ್ನಲ್ಲಪ್ಪ" ಅಂದರು.